ಒಂದು ರೊಟ್ಟಿ, ಒಂದು ವಚನ, ಹತ್ತು ನಿಮಿಷದ ನಡಿಗೆ

ನೆಮ್ಮದಿಯ ಬದುಕಿಗೆ ದಿನನಿತ್ಯದ ಸಣ್ಣ ರೂಢಿಗಳು ಎಂಬುದು ಜಹೀರಾಬಾದಿನ ಈ ಸಭೆಗೆ ಸಂಘದವರು ನನಗೆ ಕೊಟ್ಟ ವಿಷಯ. ಇದಕ್ಕೆ ದೂರದ ಉದಾಹರಣೆ ಹುಡುಕಬೇಕಾಗಿಲ್ಲ. ನಮ್ಮ ಅಡುಗೆಮನೆಗಳಲ್ಲಿ ಕಳೆದ ನಾಲ್ಕು ದಶಕಗಳಲ್ಲಿ ನಡೆದದ್ದನ್ನು ನೋಡಿದರೆ ರೂಢಿ ಹೇಗೆ ಕೂಡುತ್ತದೆ, ಹೇಗೆ ತಪ್ಪುತ್ತದೆ ಎಂಬುದು ಗೊತ್ತಾಗುತ್ತದೆ.

1956ರ ನವೆಂಬರ್ 1ರವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. ರಾಜ್ಯಗಳ ಮರುವಿಂಗಡಣೆಯಲ್ಲಿ ಆಂಧ್ರಪ್ರದೇಶಕ್ಕೆ ಸೇರಿದ ಮೇಲೂ ಎಷ್ಟೋ ವರ್ಷ ನಮ್ಮ ಊಟ ಬೀದರ್-ಕಲಬುರಗಿ ಸೀಮೆಯದೇ ಆಗಿತ್ತು: ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಮಳೆಗಾಲದಲ್ಲಿ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ ಸೊಪ್ಪು. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂತು. ಆದರೆ ಆ ಬೇಳೆಯ ಪಕ್ಕದಲ್ಲಿ ಇರಬೇಕಾದ ರೊಟ್ಟಿ ಅಷ್ಟರೊಳಗೆ ಎಷ್ಟೋ ಮನೆಗಳ ತಾಟಿನಿಂದ ಇಳಿದುಹೋಗಿತ್ತು.

1983ರಲ್ಲಿ ಎನ್.ಟಿ. ರಾಮರಾವ್ ಅವರ ಸರ್ಕಾರ ಕಿಲೋಗೆ ಎರಡು ರೂಪಾಯಿಯಂತೆ ಅಕ್ಕಿ ಕೊಡತೊಡಗಿತು. ಹಸಿದ ಮನೆಗಳಿಗೆ ಅದು ದೊಡ್ಡ ಆಸರೆ. ಆ ಉಪಕಾರದ ಬಗ್ಗೆ ಹಗುರವಾಗಿ ಮಾತಾಡಬಾರದು. ಆದರೆ ಅದರ ಬೆನ್ನಿಗೇ ಒಣಬೇಸಾಯದ ಹೊಲಗಳಲ್ಲಿ ಜೋಳ, ಸಜ್ಜೆ, ನವಣೆ, ಸಾಮೆ ಕಡಿಮೆಯಾಗುತ್ತ ಬಂದವು. ‘ನಾಳೆಯಿಂದ ರೊಟ್ಟಿ ಬೇಡ’ ಎಂದು ಯಾರೂ ಕೂತು ತೀರ್ಮಾನಿಸಿರಲಿಲ್ಲ. ಅಕ್ಕಿ ರೇಷನ್ ಅಂಗಡಿಯಲ್ಲಿ ಸಿಗುತ್ತಿತ್ತು, ಅನ್ನ ಬೇಗ ಬೇಯುತ್ತಿತ್ತು, ಕೂಲಿಯಿಂದ ದಣಿದು ಬಂದವಳಿಗೆ ಎಸರಿಟ್ಟು ಹಿಟ್ಟು ನಾದಿ ತಟ್ಟುವ ಶ್ರಮ ತಪ್ಪುತ್ತಿತ್ತು. ಹೀಗೆ ಎರಡೂ ಹೊತ್ತು ಅನ್ನವಾಯಿತು. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶ ಇದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದ, 2023ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅದಕ್ಕೆ ಅನ್ನವೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ತಾಟು ಬದಲಾಯಿತು, ನಡಿಗೆ ಕಡಿಮೆಯಾಯಿತು, ಎರಡೂ ಕೂಡಿ ಬಂದವು.

ಅದೇ 1983ರಲ್ಲಿ ಇಲ್ಲೇ ಹತ್ತಿರದ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು, ದೂರದರ್ಶನದಲ್ಲಿ ಕೆಲಸ ಮಾಡಿದವರು. ಕನ್ನಡ ನಾಡಿನಿಂದ ಬಂದ ಒಬ್ಬರು ನಮ್ಮ ಹೊಲಗಳಿಗೆ ಇಡೀ ಆಯುಷ್ಯ ಕೊಟ್ಟರು ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರಬೇಕು. ಲೋಕವೆಲ್ಲ ಸಿರಿಧಾನ್ಯ ವರ್ಷ ಆಚರಿಸುತ್ತಿದ್ದ 2023ರ ಮಾರ್ಚ್ 19ರಂದು ಅವರು ತೀರಿಕೊಂಡರು. ಆ ಸಂಸ್ಥೆಯ ಸಂಘಗಳ ಹೆಣ್ಣುಮಕ್ಕಳು, ಬಹುಪಾಲು ದಲಿತರು, ‘ಸಿರಿಧಾನ್ಯ ತಿನ್ನಿ’ ಎಂದು ಉಪದೇಶ ಮಾಡುತ್ತ ತಿರುಗಲಿಲ್ಲ. ಬೀಳುಬಿದ್ದ ಹೊಲಗಳನ್ನು ಮತ್ತೆ ಉತ್ತು ಬಿತ್ತಲು ಸಣ್ಣ ರೈತರಿಗೆ ಮುಂಗಡ ಕೊಡಿಸಿದರು. ರೈತರು ಆ ಸಾಲವನ್ನು ಜೋಳದ ರೂಪದಲ್ಲಿ ತೀರಿಸಿದರು. ಆ ಜೋಳವನ್ನು ಊರಲ್ಲೇ ಶೇಖರಿಸಿ, ಯಾರ ಮನೆ ಬಡತನದಲ್ಲಿದೆ ಎಂದು ಊರವರೇ ಗುರುತಿಸಿ, ಮಳೆಗಾಲದ ಕಷ್ಟದ ತಿಂಗಳುಗಳಲ್ಲಿ ಕಡಿಮೆ ಬೆಲೆಗೆ ಕೊಟ್ಟರು. 1990ರ ದಶಕದಲ್ಲಿ ನಡೆದ ಈ ಕೆಲಸ ಜೋಳದ ಪಡಿತರವೇ ಆಗಿತ್ತು. ಜೋಳ ಮನೆಗೆ ಬಂದಾಗ ರೊಟ್ಟಿಯೂ ಬಂತು.

ನಾನು ಹೇಳಬೇಕೆಂದಿರುವುದು ಇಷ್ಟೇ. ರೂಢಿಯನ್ನು ಮನಸ್ಸಿನ ಗಟ್ಟಿತನದ ಮೇಲೆ ಕಟ್ಟಲಾಗದು. ಕೈಗೆ ಎಟುಕುವ ವಸ್ತು, ಹೊತ್ತಿಗೆ ಸರಿಯಾಗಿ ಬರುವ ನೆಪ, ಜೊತೆಗೆ ಇರುವ ಮಂದಿ, ಈ ಮೂರರ ಮೇಲೆ ಕಟ್ಟಬೇಕು. ದಿನಕ್ಕೆ ಒಂದು ಹೊತ್ತು ರೊಟ್ಟಿ ತಿನ್ನಬೇಕು ಎನ್ನುವವರು ಮೊದಲು ಮಾಡಬೇಕಾದ ಕೆಲಸ ಗಿರಣಿಗೆ ಹೋಗುವುದು. ತಿಂಗಳಿಗಾಗುವಷ್ಟು ಒಮ್ಮೆಗೇ ಬೀಸಿಸಬೇಡಿ. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿ ಅಂಚಿನಲ್ಲಿ ಒಡೆಯುತ್ತದೆ, ತಟ್ಟುವವರಿಗೆ ಬೇಸರ ಬರುತ್ತದೆ, ಮರುದಿನ ಅನ್ನ ಬೇಯುತ್ತದೆ. ವಾರಕ್ಕೆ ಬೇಕಾದಷ್ಟೇ ಬೀಸಿಸಿದರೆ ಅರ್ಧ ಕೆಲಸ ಆದಂತೆ.

ರೂಢಿಗೆ ನೆಪ ಬೇಕು ಎಂಬ ಮಾತಿಗೆ ಲಂಡನ್ನಿನ ಒಂದು ಅಧ್ಯಯನವೂ ಒತ್ತಾಸೆ ಕೊಡುತ್ತದೆ. ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರಿಗೆ ಒಂದೊಂದು ಸಣ್ಣ ಕೆಲಸ ಆರಿಸಿಕೊಳ್ಳಲು ಹೇಳಿದರು. ದಿನವೂ ತಪ್ಪದೆ ನಡೆಯುವ ಯಾವುದಾದರೂ ಒಂದರ ಬೆನ್ನಿಗೆ, ಉದಾಹರಣೆಗೆ ಬೆಳಗಿನ ತಿಂಡಿಯ ನಂತರ, ಅದನ್ನು ಮಾಡಬೇಕಿತ್ತು. 12 ವಾರ ಗಮನಿಸಿ, 2010ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಆ ಕೆಲಸ ತಾನಾಗಿ ನಡೆಯುವ ಹಂತಕ್ಕೆ ಬರಲು ಸರಾಸರಿ 66 ದಿನ ಬೇಕು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನದವರೆಗೂ ಬೇಕಾಗಬಹುದು. ನೀರು ಕುಡಿಯುವಂಥದ್ದು ಬೇಗ ಕೂಡುತ್ತದೆ, ವ್ಯಾಯಾಮ ತಡವಾಗುತ್ತದೆ. ಇಪ್ಪತ್ತೊಂದು ದಿನದಲ್ಲಿ ಎಲ್ಲವೂ ಸಾಧ್ಯ ಎಂಬ ಮಾತನ್ನು ನಂಬಿ, ಆಗದಿದ್ದಾಗ ತಮ್ಮನ್ನೇ ಹಳಿದುಕೊಳ್ಳುವವರನ್ನು ನೋಡಿ ನನಗೆ ನೋವಾಗುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಸಂಕ್ರಾಂತಿಗೆ ಶುರು ಮಾಡಿದ್ದು ಯುಗಾದಿಯ ಹೊತ್ತಿಗೆ ಕೂಡಿಬಂದರೆ ಸರಿಯಾಗಿಯೇ ನಡೆದಿದೆ ಎಂದರ್ಥ. ನಡುವೆ ಜಾತ್ರೆ ಬರುತ್ತದೆ, ಮದುವೆ ಬರುತ್ತದೆ, ರಾಶಿಯ ಕೆಲಸ ಬರುತ್ತದೆ. ಒಂದು ದಿನ ತಪ್ಪಿದರೆ ಹಿಂದಿನದ್ದು ಅಳಿಸಿಹೋಗುವುದಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿ ಕಂಡ ಸಂಗತಿ.

ನೆಪಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಹುಮನಾಬಾದ್ ದಾಟಿದರೆ ಬಸವಕಲ್ಯಾಣ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿಂದ ಹರಡಿದ ಇಷ್ಟಲಿಂಗ ಪೂಜೆ ಇಂದಿಗೂ ನಮ್ಮ ಎಷ್ಟೋ ಮನೆಗಳಲ್ಲಿ ನಡೆಯುತ್ತಿದೆ. ಅದರ ಕಟ್ಟು ನೋಡಿ: ಸ್ನಾನವಾಗಬೇಕು, ವಿಭೂತಿ ಧರಿಸಬೇಕು, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ದೃಷ್ಟಿ ನಿಲ್ಲಿಸಬೇಕು, ಅದಾದ ಮೇಲೆಯೇ ಪ್ರಸಾದ. ಗುಡಿಗೆ ಹೋಗಬೇಕಿಲ್ಲ, ಪೂಜಾರಿ ಬೇಕಿಲ್ಲ, ಬೇಕಾದದ್ದು ಕೊರಳಲ್ಲೇ ಇದೆ. ಅದು ಭಕ್ತಿ, ಅದನ್ನು ವ್ಯಾಯಾಮವೆಂದು ಇಳಿಸಿ ನೋಡುವ ಉದ್ದೇಶ ನನ್ನದಲ್ಲ. ನೆರೆಮನೆಯ ಮುಸ್ಲಿಂ ಬಂಧುಗಳ ಐದು ಹೊತ್ತಿನ ನಮಾಜೂ ಹಾಗೆಯೇ ದಿನಕ್ಕೆ ಗಂಟು ಹಾಕಿ ಕೊಡುತ್ತದೆ. ಆ ಗಂಟಿಗೆ ಇನ್ನೊಂದು ಸಣ್ಣ ಎಳೆ ಸೇರಿಸುವುದು ಸುಲಭ. ಪೂಜೆಯಿಂದ ಏಳುವ ಮೊದಲು ಒಂದು ವಚನ ಗಟ್ಟಿಯಾಗಿ ಓದಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ತೆಲುಗು, ಇಂಗ್ಲಿಷ್ ಓದುವ ಮಗುವಿಗೆ ಕನ್ನಡ ಅಕ್ಷರ ಕಣ್ಣಿಗೆ ಬೀಳುವುದು ಅಷ್ಟೇ ಹೊತ್ತು ಇದ್ದೀತು. ಎರಡು ನಿಮಿಷ ಸಾಕು.

ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ನಡೆಯಿರಿ. ಊಟದ ನಂತರದ ಸಣ್ಣ ನಡಿಗೆ ರಕ್ತದ ಸಕ್ಕರೆ ಏರುವುದನ್ನು ತಗ್ಗಿಸುತ್ತದೆ. ಒಬ್ಬರೇ ಹೋಗಬೇಡಿ, ಓಣಿಯ ಇನ್ನೊಬ್ಬರನ್ನು ಕರೆಯಿರಿ. ಅವರು ಬಾಗಿಲಲ್ಲಿ ನಿಂತು ಕೂಗಿದಾಗ ಸೋಮಾರಿತನಕ್ಕೆ ಎಡೆ ಇರುವುದಿಲ್ಲ. ತಾಂಡೂರಿನ ಕಲ್ಲಿನ ಗಣಿ, ಪಾಲಿಶ್ ಘಟಕಗಳಲ್ಲಿ ದುಡಿಯುವ ತಮ್ಮಂದಿರಿಗೆ ಒಂದು ಮಾತು: ಕಲ್ಲಿನ ಧೂಳು ಮಗುವಿಗೆ ತಾಗದಂತೆ, ಮನೆಗೆ ಹೋದ ಕೂಡಲೇ ಅದನ್ನು ಎತ್ತಿಕೊಳ್ಳುವ ಮೊದಲು ಕೈಕಾಲು ಮುಖ ತೊಳೆದು ಬಟ್ಟೆ ಬದಲಿಸಿ. ಆದರೆ ಧೂಳು ಏಳದಂತೆ ನೀರು ಬಿಟ್ಟು ಕಲ್ಲು ಕೊಯ್ಯಿಸುವುದು ಮಾಲೀಕರ ಹೊಣೆ. ಕೆಲಸಗಾರನ ಒಳ್ಳೆಯ ರೂಢಿ ಅದಕ್ಕೆ ಬದಲಿಯಲ್ಲ.

ಕೊನೆಗೆ, ನನ್ನ ಮನಸ್ಸನ್ನು ಬಹಳ ಕಾಡುವ ವಿಷಯ. ರೊಟ್ಟಿ ತಿನ್ನಿ ಎಂದು ವೇದಿಕೆಯಿಂದ ಹೇಳುವುದು ಸುಲಭ. ತಟ್ಟುವವರು ಯಾರು? ಎಲ್ಲರಿಗೂ ಬಿಸಿ ರೊಟ್ಟಿ ಬಡಿಸಿ, ತಣಿದದ್ದನ್ನು ಕೊನೆಗೆ ಒಬ್ಬಳೇ ಕೂತು ತಿನ್ನುವ ತಾಯಿಯ ಆರೋಗ್ಯ ಯಾರ ಲೆಕ್ಕದಲ್ಲಿದೆ? ಇಲ್ಲೇ ಹತ್ತಿರದ ಮಾಚನೂರಿನಲ್ಲಿ 2008ರ ಅಕ್ಟೋಬರ್ 15ರಂದು ಡೆಕ್ಕನ್ ಸೊಸೈಟಿಯ ಸಂಘಗಳ ಹೆಣ್ಣುಮಕ್ಕಳು ತಮ್ಮದೇ ಸಂಘಂ ರೇಡಿಯೊ ಶುರು ಮಾಡಿದರು. ಬೆಳೆ, ಊಟ, ಬಾಣಂತನ, ಹಾಡು ಎಲ್ಲವನ್ನೂ ಅವರ ಆಡುಮಾತಿನಲ್ಲೇ ಸಂಜೆ ಹೊತ್ತು ಪ್ರಸಾರ ಮಾಡಿದರು. ಹೆಣ್ಣುಮಕ್ಕಳ ಅನುಭವಕ್ಕೆ ದಿನದಲ್ಲಿ ಒಂದು ಹೊತ್ತನ್ನು ಮೀಸಲಿಟ್ಟದ್ದು ಆ ರೇಡಿಯೊದ ಹೆಚ್ಚುಗಾರಿಕೆ. ನಮ್ಮ ಮನೆಗಳಲ್ಲೂ ಅಂಥ ಒಂದು ಹೊತ್ತು ಬೇಕು. ಗಂಡಸರು ಹಿಟ್ಟು ನಾದಲು, ತವೆಯ ಮೇಲಿನ ರೊಟ್ಟಿ ತಿರುವಲು ಕಲಿಯಲಿ. ರಾತ್ರಿಯ ಊಟಕ್ಕೆ ಎಲ್ಲರೂ ಒಟ್ಟಿಗೇ ಕೂರಲಿ. ಮೊದಲ ಬಿಸಿ ರೊಟ್ಟಿ ತಟ್ಟಿದವಳ ತಾಟಿಗೆ ಬೀಳಲಿ.

ಈಗ ನಿಮ್ಮ ಪ್ರಶ್ನೆಗಳಿಗೆ ಸಮಯ. ಅಕ್ಕಂದಿರು ಮೊದಲು ಕೇಳಲಿ.