ಆಲಂಕಾರು: ಒಂದು ಊರಿನ ನೆಲ ಮತ್ತು ಜನ

(ಕಾರ್ಮಿಕರ ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣ)



ಹಳ್ಳಿಯ ವಿಷಯ ಮಾತನಾಡಬೇಕೆಂದು ನೀವು ಕೇಳಿದಿರಿ. ಗಿರಣಿಯಲ್ಲಿ ದುಡಿಯುವವರಿಗೂ ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟವರಿಗೂ ಹಳ್ಳಿಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನಿಮ್ಮ ಅಂಗಡಿಯ ಅಡಿಕೆ, ನಿಮ್ಮ ಜೇಬಿನ ಬೀಡಿ, ನಿಮ್ಮ ಮಾಡಿನ ಹೆಂಚು ಇವೆಲ್ಲ ಎಲ್ಲಿಂದ ಬಂದವೆಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ.

ಆಲಂಕಾರು ದಕ್ಷಿಣ ಕನ್ನಡದ ಒಂದು ಗ್ರಾಮ. ಮೊದಲು ಪುತ್ತೂರು ತಾಲೂಕಿನಲ್ಲಿತ್ತು, ಈಗ ಕಡಬ ತಾಲೂಕಿಗೆ ಸೇರಿದೆ. ಉಪ್ಪಿನಂಗಡಿಯಿಂದ ಕಡಬದ ಮೇಲೆ ಸುಬ್ರಹ್ಮಣ್ಯಕ್ಕೆ ಹೋಗುವ ರಸ್ತೆಯಲ್ಲಿ ಅದರ ಪೇಟೆ. ಶರವೂರಿನ ದುರ್ಗಾಪರಮೇಶ್ವರಿ ದೇವಸ್ಥಾನ ಇರುವುದು ಇಲ್ಲಿಯೇ. ಒಂದು ಮಗ್ಗುಲಿಗೆ ಕುಮಾರಧಾರಾ ಹೊಳೆ. ಶಾಂತಿಮೊಗರಿನಲ್ಲಿ ಆಚೆ ದಡಕ್ಕೆ ಹೋಗಲು ಈಗ ಸೇತುವೆಯಿದೆ. ಘಟ್ಟದಲ್ಲಿ ಹುಟ್ಟಿದ ಆ ನೀರು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನ ಜೆಪ್ಪುವಿನ ಮಗ್ಗುಲಲ್ಲಿ ಹರಿದು ಕಡಲಿಗೆ ಹೋಗುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು ಅದೇ ದಡದಲ್ಲಿ. ಆದ್ದರಿಂದ ಹಳ್ಳಿಯ ನೀರಿಗೂ ಕಾರ್ಖಾನೆಯ ಕೂಲಿಗೂ ನಂಟು ಹಳೆಯದು.

ಮಳೆ ವರ್ಷಕ್ಕೆ ಸುಮಾರು 4,000 ಮಿಲ್ಲಿಮೀಟರು. ಅದರ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. 1923ರಲ್ಲಿಯೂ 1974ರಲ್ಲಿಯೂ ನೇತ್ರಾವತಿಯ ನೆರೆ ದಡದ ಊರುಗಳನ್ನು ಮುಳುಗಿಸಿತು. ಜನ ಅದನ್ನು ಮಾರಿಬೊಳ್ಳವೆಂದು ಇಂದಿಗೂ ನೆನೆಯುತ್ತಾರೆ. ಈ ಸೀಮೆಯ ಗದ್ದೆಗಳಲ್ಲಿ ಮೂರು ತರ: ತಗ್ಗಿನ ಬೈಲು, ನಡುವಣ ಮಜಲು, ಮೇಲಿನ ಬೆಟ್ಟು. ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುತ್ತಿದ್ದರು. ಇಂದು ಬಹಳಷ್ಟು ಗದ್ದೆ ಅಡಿಕೆತೋಟವಾಗಿದೆ, ಗುಡ್ಡಕ್ಕೆ ರಬ್ಬರು ಏರಿದೆ.

ಇನ್ನು ಚರಿತ್ರೆ. 1837ರಲ್ಲಿ ನೆರೆಯ ಅಮರ ಸುಳ್ಯದ ರೈತರು ಎದ್ದು ಮಂಗಳೂರಿನವರೆಗೆ ನಡೆದರು. ಧಾನ್ಯದಲ್ಲಿ ಕೊಡುತ್ತಿದ್ದ ಕಂದಾಯವನ್ನು ಕಂಪೆನಿ ಸರಕಾರ ನಗದಿನಲ್ಲಿ ಕೇಳಿದ್ದು ಆ ದಂಗೆಯ ದೊಡ್ಡ ಕಾರಣಗಳಲ್ಲೊಂದು. ದಂಗೆಯನ್ನು ಹತ್ತಿಕ್ಕಿದರು, ಮುಂದಾಳುಗಳನ್ನು ಗಲ್ಲಿಗೇರಿಸಿದರು.

ಆ ಮೇಲೂ ನೆಲ ಉಳುವವನದಾಗಲಿಲ್ಲ. ಜಿಲ್ಲೆಯ ತುಂಬ ಗೇಣಿ ಪದ್ಧತಿ. ಮೂಲಗೇಣಿಯವನಿಗೆ ಕಾಯಂ ಹಕ್ಕು. ಚಾಲಗೇಣಿಯವನಿಗೆ ಧಣಿ ಎದ್ದು ಹೋಗೆಂದರೆ ಹೋಗಬೇಕಾದ ಬಾಳು. ಬೆಳೆ ಕೈಗೆ ಬಂದೊಡನೆ ಅಕ್ಕಿಮುಡಿ ಧಣಿಯ ಮನೆಗೆ ಹೋಗುತ್ತಿತ್ತು. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಸಮಾಜವಾದಿ ಪಕ್ಷ ಅವರ ಬೆನ್ನಿಗೆ ನಿಂತಿತು, ಲೋಹಿಯಾ ಬಂದು ಸೆರೆಯಾದರು. ಭೂಸುಧಾರಣಾ ಕಾಯಿದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಡಿಕ್ಲರೇಶನ್ ಕೊಟ್ಟು ಟ್ರಿಬ್ಯೂನಲಿನ ಮುಂದೆ ನಿಂತ ಒಕ್ಕಲು ಒಡೆಯನಾದ. ನಮ್ಮ ಜಿಲ್ಲೆಯಲ್ಲಿ ಧಣಿಯ ಅಂಗಳದಲ್ಲಿ ಬಗ್ಗಿ ನಿಂತಿದ್ದ ಬೆನ್ನು ನೆಟ್ಟಗಾದದ್ದು ಆಗ.

ದಿನನಿತ್ಯದ ಬಾಳು ಹೇಗಿದೆ? ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಹೊಡೆಯಬೇಕು. ಒದ್ದೆ ಮರವನ್ನು ಹತ್ತುವವನ ಜೀವ ಒಂದು ಹಗ್ಗದ ಮೇಲೆ ನಿಂತಿರುತ್ತದೆ. ಕೊಯ್ದ ಅಡಿಕೆಯನ್ನು ಸುಮಾರು ನಲವತ್ತು ದಿನ ಅಂಗಳದಲ್ಲಿ ಒಣಗಿಸಿ, ಸುಲಿದು, ಪಟೋರ, ಉಳ್ಳಿ, ಕೋಕ, ಕರಿಗೋಟು ಎಂದು ಬೇರೆ ಮಾಡಬೇಕು. ಧಾರಣೆ ಮಾತ್ರ ಅಂಗಳದಲ್ಲಿ ಹುಟ್ಟುವುದಿಲ್ಲ. ಬೆಲೆ ಕುಸಿದು ಬೆಳೆಗಾರ ಕಂಗೆಟ್ಟಾಗ, 1973ರಲ್ಲಿ ಕ್ಯಾಂಪ್ಕೋ ಸಹಕಾರಿ ಸಂಸ್ಥೆ ಹುಟ್ಟಿದ್ದು ಅದಕ್ಕಾಗಿಯೇ. ತೋಟವಿಲ್ಲದ ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟುತ್ತಾರೆ. ಎಲೆ, ಹೊಗೆಸೊಪ್ಪು ಮನೆಗೆ ಬರುತ್ತವೆ, ಕಟ್ಟಿದ ಬೀಡಿ ಸಾವಿರದ ಲೆಕ್ಕದಲ್ಲಿ ಹೋಗುತ್ತದೆ. ಗೋಡೆಯಿಲ್ಲದ ಕಾರ್ಖಾನೆ ಅದು, ಆದರೆ ಕಾರ್ಖಾನೆಯೇ.

ಇಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ. ಗೇಣಿಚೀಟು ಇದ್ದವನಿಗೆ, ಇಲ್ಲವೆ ಗೇಣಿಯನ್ನು ರುಜುಪಡಿಸಬಲ್ಲವನಿಗೆ ಭೂಮಿ ಬಂತು. ಚೀಟೂ ಇಲ್ಲದೆ ಗೇಣಿಯೂ ಇಲ್ಲದೆ ಅದೇ ಗದ್ದೆಯಲ್ಲಿ ತಲೆಮಾರುಗಳಿಂದ ಕೆಸರು ತುಳಿದ ಕೂಲಿಯಾಳಿಗೆ ಏನು ಬಂತು? ಹೆಚ್ಚೆಂದರೆ ಗುಡಿಸಲಿನಡಿಯ ನೆಲ. ವರ್ಗದಾರನ ಜಮೀನಿಗೆ ತಾಗಿದ ನೂರು ಗಜದ ಸರಕಾರಿ ನೆಲದಲ್ಲಿ ಸೊಪ್ಪು ಸೌದೆಯ ಹಕ್ಕು ಉಂಟು; ಅದಕ್ಕೆ ಕುಮ್ಕಿ ಎಂದು ಹೆಸರು. ಜಮೀನೇ ಇಲ್ಲದವನಿಗೆ ಕುಮ್ಕಿ ಎಲ್ಲಿಯದು?

ಬಾಸೆಲಿನ ಹೆಸರು ಬಂತಷ್ಟೆ. ಅದೇ ಸ್ವಿಟ್ಜರ್ಲೆಂಡಿನಲ್ಲಿ ಟೋರ್ಬೆಲ್ ಎಂಬ ಬೆಟ್ಟದ ಹಳ್ಳಿಯಿದೆ. ಊರಿನ ಹುಲ್ಲುಗಾವಲು ಎಲ್ಲರಿಗೂ ಸೇರಿದ್ದು. 1483ರಲ್ಲಿಯೇ ಅವರು ಬರೆದಿಟ್ಟರು: ಹೊರಗಿನವನು ಊರಿನಲ್ಲಿ ಜಮೀನು ಕೊಂಡ ಮಾತ್ರಕ್ಕೆ ಹುಲ್ಲುಗಾವಲಿನಲ್ಲಿ ಹಕ್ಕಿಲ್ಲ. 1517ರಲ್ಲಿ ಇನ್ನೊಂದು ಕಟ್ಟಳೆ: ಚಳಿಗಾಲದಲ್ಲಿ ಎಷ್ಟು ಹಸುಗಳನ್ನು ಸಾಕಬಲ್ಲೆಯೋ ಅಷ್ಟನ್ನೇ ಬೇಸಗೆಯಲ್ಲಿ ಮೇಯಲು ಬಿಡು. ದೊರೆ ಮಾಡಿದ ಕಟ್ಟಳೆಯಲ್ಲ, ಊರವರೇ ಮಾಡಿಕೊಂಡದ್ದು. ಅವರು ದೇವತೆಗಳಾಗಿದ್ದರೆಂದಲ್ಲ, ನೆಲ ಸೀಮಿತವೆಂದು ತಿಳಿದಿದ್ದರು, ಅಷ್ಟೆ.

ನಮ್ಮಲ್ಲಿ 2020ರ ತಿದ್ದುಪಡಿ ಬಂದು, ಕೃಷಿಕನಲ್ಲದವನು ಕೃಷಿಭೂಮಿ ಕೊಳ್ಳಬಾರದೆಂಬ ತಡೆಯನ್ನು ತೆಗೆದುಹಾಕಿತು. ಮಾರುವವನಿಗೆ ಒಳ್ಳೆಯ ಬೆಲೆ ಬರುತ್ತದೆಂದು ಹೇಳುವವರಿದ್ದಾರೆ. ಸಾಲದಲ್ಲಿರುವವನಿಗೆ ಆ ಮಾತು ಸುಳ್ಳೂ ಅಲ್ಲ. ಆದರೆ 1974ರಲ್ಲಿ ಉಳುವವನ ಕೈಗೆ ಬಂದದ್ದು ಹಣದ ಬಲದಿಂದ ಮತ್ತೆ ಕೈತಪ್ಪಿದರೆ, ಅವನ ಮೊಮ್ಮಗ ಬರುವುದು ನಿಮ್ಮ ಗಿರಣಿಯ ಗೇಟಿಗೆ, ನಿಮಗಿಂತ ಕಡಿಮೆ ಕೂಲಿಗೆ ಒಪ್ಪಿಕೊಂಡು. ಹಳ್ಳಿಯಲ್ಲಿ ಕಾಸಿಲ್ಲದಿದ್ದರೆ ಪೇಟೆಯ ಅಂಗಡಿಯಲ್ಲಿ ಗಿರಾಕಿಯೂ ಇಲ್ಲ.

ಆದುದರಿಂದ ನನ್ನ ಬಿನ್ನಹ ಇಷ್ಟೆ. ಊರಿಗೆ ಹೋದಾಗ ನೇಮ, ಜಾತ್ರೆ ನೋಡಿ ಬರುವುದಷ್ಟೇ ಅಲ್ಲ, ಗ್ರಾಮಸಭೆಗೂ ಹೋಗಿ ಕೂತುಕೊಳ್ಳಿ. ನಿವೇಶನವಿಲ್ಲದವರ ಪಟ್ಟಿಯನ್ನು ಓದಿಸಿರಿ. ಸರಕಾರಿ ನೆಲ ಎಷ್ಟಿದೆ, ಯಾರ ಬೇಲಿಯೊಳಗಿದೆ ಎಂದು ಕೇಳಿರಿ. ಬೀಡಿ ಕಟ್ಟುವ ತಾಯಂದಿರನ್ನು ನಿಮ್ಮ ಸಂಘದವರೆಂದೇ ತಿಳಿಯಿರಿ. ಕುಮಾರಧಾರೆಯ ನೀರು ಯಾರ ಅಪ್ಪಣೆಯನ್ನೂ ಕೇಳದೆ ಹಳ್ಳಿಯಿಂದ ಪಟ್ಟಣಕ್ಕೆ ಬರುತ್ತದೆ. ಹಳ್ಳಿಯ ಕಷ್ಟವೂ ಹಾಗೆಯೇ ಬರುತ್ತದೆ.