ಹೆರಿಗೆಯಲ್ಲಿ ತಿಣುಕುವ ಹೊತ್ತು

(ಸಾಣಾಪುರದಲ್ಲಿ ಗರ್ಭಿಣಿಯರು ಮತ್ತು ಅವರ ಮನೆಯವರ ಮುಂದೆ ಹೆರಿಗೆ ಕೋಣೆಯ ಹಿರಿಯ ನರ್ಸ್ ಒಬ್ಬರು ಆಡಿದ ಮಾತಿನ ಬರಹರೂಪ)

ಹಿಂದೆ ಗೋಡೆಗೆ ಆತು ನಿಂತಿರುವ ಗಂಡಸರೂ ಮುಂದೆ ಬಂದು ಕೂತುಕೊಳ್ಳಿ. ಇದು ನೀವೂ ಕೇಳಬೇಕಾದ ಮಾತು.

ನಮ್ಮ ಕಡೆ ಬಸುರಿಗೆ ಕುಬಸ ಮಾಡುತ್ತೇವೆ, ಹಸಿರು ಬಳೆ ಇಡಿಸುತ್ತೇವೆ, ಬೇಕಾದದ್ದು ಉಣಿಸುತ್ತೇವೆ. ಆದರೆ ಹೆರುವಾಗ ಮೈಯೊಳಗೆ ಏನಾಗುತ್ತದೆ ಎಂದು ಆಕೆಗೆ ಯಾರೂ ಹೇಳುವುದಿಲ್ಲ. ಕೇಳಿದರೆ "ಬಂದಾಗ ಗೊತ್ತಾಗತೈತಿ ಬಿಡು" ಎನ್ನುತ್ತಾರೆ. ಗೊತ್ತಿಲ್ಲದೆ ಒಳಗೆ ಬಂದ ಹುಡುಗಿ ನೋವಿಗಿಂತ ಹೆಚ್ಚಾಗಿ ಹೆದರಿಕೆಯಿಂದ ನಡುಗುತ್ತಾಳೆ. ಅದಕ್ಕೇ ಇವತ್ತು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ನಾಚಿಕೆ ಪಡಬೇಡಿ.

ಮೊದಲ ಹಂತದಲ್ಲಿ ಬೇನೆ ಬಂದು ಹೋಗಿ ಗರ್ಭಕೋಶದ ಬಾಯಿ ನಿಧಾನವಾಗಿ ತೆರೆಯುತ್ತದೆ. ಚೊಚ್ಚಲು ಹೆರಿಗೆಯಾದರೆ ಇದಕ್ಕೆ ಎಷ್ಟೋ ತಾಸು ಬೇಕು. ಬಾಯಿ ಪೂರ್ತಿ ತೆರೆಯಿತು ಎಂದರೆ ಸುಮಾರು 10 ಸೆಂಟಿಮೀಟರ್. ಅದರ ಹತ್ತಿರ ಬಂದಾಗ ಬಹಳ ಮಂದಿಗೆ ಮೈ ಗಡಗಡ ನಡುಗುತ್ತದೆ, ವಾಂತಿ ಬರುತ್ತದೆ, "ನನ್ನ ಕೈಲಾಗೂದಿಲ್ಲ, ಆಪರೇಶನ್ ಮಾಡಿಬಿಡ್ರಿ" ಎನ್ನುತ್ತಾರೆ. ಈ ಮಾತು ಕೇಳಿದರೆ ನಮಗೆ ಒಂದು ಅಂದಾಜು ಸಿಗುತ್ತದೆ, ಕೂಸು ಇನ್ನು ದೂರ ಇಲ್ಲ ಎಂದು. ಕೆಲವರಿಗೆ ಇಲ್ಲಿ ಹತ್ತು-ಇಪ್ಪತ್ತು ನಿಮಿಷ ಬೇನೆ ತಗ್ಗಿದಂತೆ ಆಗುವುದೂ ಉಂಟು. ಗಾಬರಿ ಬೇಡ, ಆಗ ಕಣ್ಣು ಮುಚ್ಚಿ ದಣಿವಾರಿಸಿಕೊಳ್ಳಿ.

ಆಮೇಲೆ ಬರುವುದೇ ತಿಣುಕುವ ಹೊತ್ತು. ಇದು ಹೇಗಿರುತ್ತದೆ? ಇಪ್ಪತ್ತು ವರ್ಷದಿಂದ ನಾನು ಕೇಳುತ್ತಾ ಬಂದ ಮಾತು ಒಂದೇ: "ಸಿಸ್ಟರ್, ಸಂಡಾಸಕ್ಕ ಬಂದಂಗ ಆಗಾಕತ್ತೈತಿ." ನನಗೂ ನನ್ನ ಮೊದಲ ಹೆರಿಗೆಯಲ್ಲಿ ಹಾಗೇ ಆಯಿತು. ಕೂಸಿನ ತಲೆ ಕೆಳಗಿಳಿದು ಗುದದ್ವಾರದ ನರಗಳನ್ನು ಒತ್ತುತ್ತದೆ, ಅದಕ್ಕೆ ಹಾಗೆ ಅನಿಸುತ್ತದೆ. ತಡೆದುಕೊಳ್ಳಲು ಆಗದಂಥ ಒತ್ತಡ ಅದು. ಕೆಮ್ಮು ಬಂದಾಗ ಮೈ ತಾನೇ ಕೆಮ್ಮುವ ಹಾಗೆ, ಇಲ್ಲಿ ಮೈ ತಾನೇ ತಿಣುಕುತ್ತದೆ.

ಈ ಮಾತನ್ನು ಮನೆಯವರು ಗಟ್ಟಿಯಾಗಿ ನೆನಪಿಡಬೇಕು. ದಿನ ತುಂಬಿದ ಬಸುರಿ ಬೇನೆಯ ನಡುವೆ "ಸಂಡಾಸಕ್ಕ ಹೋಗಿ ಬರ್ತೀನಿ" ಎಂದರೆ ಒಬ್ಬಳನ್ನೇ ಬಿಡಬೇಡಿ. ಕತ್ತಲಲ್ಲಿ ಬಯಲಿಗೆ ಅಥವಾ ಪಾಯಿಖಾನೆಗೆ ಹೋಗಿ ಅಲ್ಲೇ ಹೆತ್ತವರನ್ನು, ಕೂಸು ಕೆಳಗೆ ಬಿದ್ದು ತಣ್ಣಗಾದದ್ದನ್ನು ನಾನು ಕಂಡಿದ್ದೇನೆ. ಆ ತಾಯಿ ಏನೂ ತಪ್ಪು ಮಾಡಿರಲಿಲ್ಲ. ಆ ಒತ್ತಡ ಏನೆಂದು ಆಕೆಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ಅಂಥ ಹೊತ್ತಿನಲ್ಲಿ ತಡ ಮಾಡದೆ 108ಕ್ಕೆ ಫೋನ್ ಮಾಡಿ. ಇಲ್ಲಿಂದ ಗಂಗಾವತಿಗೆ ಹೋಗುವ ದಾರಿಯಲ್ಲೇ ಹೆರಿಗೆಯಾದರೂ ಗಾಡಿಯಲ್ಲಿ ತರಬೇತಿ ಪಡೆದವರು ಇರುತ್ತಾರೆ.

ಈಗ ಕೆಲಸದ ವಿಷಯ. ಬೇನೆ ಎರಡು-ಮೂರು ನಿಮಿಷಕ್ಕೊಮ್ಮೆ ಬರುತ್ತದೆ, ಸುಮಾರು ಒಂದು ನಿಮಿಷ ಇರುತ್ತದೆ. ಬೇನೆ ಬಂದಾಗ, ಒತ್ತಡ ತಾನಾಗಿ ಬಂದಾಗ, ಗದ್ದ ಎದೆಗೆ ತಂದು ಕೆಳಮುಖವಾಗಿ ತಿಣುಕಿ. ಬೇನೆ ಹೋದಾಗ ಮೈ ಪೂರ್ತಿ ಸಡಿಲ ಬಿಡಿ. ಕುತ್ತಿಗೆ ನರ ಉಬ್ಬಿಸಿ, ಮುಖ ಕೆಂಪಗೆ ಮಾಡಿಕೊಂಡರೆ ಶಕ್ತಿಯೆಲ್ಲ ಗಂಟಲಲ್ಲೇ ಉಳಿಯುತ್ತದೆ. ನಮ್ಮ ಹೊಳೆಯಲ್ಲಿ ಹರಗೋಲು ಹಾಕುವವರನ್ನು ನೋಡಿದ್ದೀರಲ್ಲ, ಸೆಳವಿನ ಎದುರು ಹುಟ್ಟು ಹಾಕಿ ಕೈ ಸೋಲಿಸಿಕೊಳ್ಳುವುದಿಲ್ಲ, ಸೆಳವು ಬಂದಾಗ ಅದರ ಜೊತೆ ಹೋಗುತ್ತಾರೆ. ಹಾಗೆ. ಹಿಂದೆ ನಾವೂ "ಉಸಿರು ಬಿಗಿ ಹಿಡಿ, ಹತ್ತು ಎಣಿಸುವತನಕ ತಿಣುಕು" ಎಂದು ಕೂಗುತ್ತಿದ್ದೆವು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಸಲಹೆಯಲ್ಲಿ ತಾಯಿಗೆ ತಾನಾಗಿ ಒತ್ತಡ ಬಂದಂತೆ ತಿಣುಕಲು ಬಿಡಬೇಕು ಎಂದಿದೆ. ನರಳಿದರೆ, ಹೂಂಕರಿಸಿದರೆ ತಪ್ಪಿಲ್ಲ. ಸದ್ದು ಮಾಡಬೇಡ ಎಂದು ಬಾಯಿ ಮುಚ್ಚಿಸುವವರಿಗೆ ನಾನೇ ಹೊರಗೆ ನಿಲ್ಲಿ ಎನ್ನುತ್ತೇನೆ.

ಬಾಯಿ ಪೂರ್ತಿ ತೆರೆಯುವ ಮೊದಲೇ ತಿಣುಕಬೇಕು ಅನಿಸಿದರೆ ನಮಗೆ ಹೇಳಿ. ಪರೀಕ್ಷೆ ಮಾಡಿ ನೋಡುತ್ತೇವೆ. ಇನ್ನೂ ಸಮಯ ಇದ್ದರೆ ಎಡಮಗ್ಗುಲಿಗೆ ಮಲಗಿ ಬಾಯಿಂದ ಸಣ್ಣ ಸಣ್ಣ ಉಸಿರು ಬಿಡಿ.

ತಿಣುಕುವಾಗ ಸ್ವಲ್ಪ ಮಲ ಹೋಗಬಹುದು. ಎಷ್ಟೋ ಹುಡುಗಿಯರು ಈ ನಾಚಿಕೆಗೇ ಬಿಗಿ ಹಿಡಿದು ಕೂಸನ್ನು ತಡೆಯುತ್ತಾರೆ. ನಮಗೆ ಇದು ದಿನದ ಕೆಲಸ, ಒರೆಸಿ ತೆಗೆಯುತ್ತೇವೆ, ಯಾರಿಗೂ ಹೇಳುವುದಿಲ್ಲ.

ಕೆಲವರು "ಬರೀ ನೋವು ತಿನ್ನೋದಕ್ಕಿಂತ ತಿಣುಕೋದೇ ಮೇಲು" ಎನ್ನುತ್ತಾರೆ, ಏನೋ ಕೆಲಸ ಸಾಗುತ್ತಿದೆ ಅನಿಸುತ್ತದೆ ಅವರಿಗೆ. ಕೆಲವರಿಗೆ ಇದೇ ಎಲ್ಲಕ್ಕಿಂತ ಕಷ್ಟ. ಎರಡೂ ನಿಜ. ತಲೆ ಕಾಣಿಸಿ ಮತ್ತೆ ಒಳಗೆ ಜಾರುತ್ತದೆ, ಮತ್ತೆ ಬರುತ್ತದೆ. ಚೊಚ್ಚಲಿಗೆ ಇದು ಮೂರು ತಾಸಿನವರೆಗೂ ಹಿಡಿಯಬಹುದು, ಮುಂದಿನವಕ್ಕೆ ಸಾಮಾನ್ಯವಾಗಿ ಎರಡು ತಾಸಿನ ಒಳಗೆ. ಅಷ್ಟು ಹೊತ್ತೂ ಕೂಸಿನ ಎದೆಬಡಿತವನ್ನು ಐದೈದು ನಿಮಿಷಕ್ಕೆ ಕೇಳುತ್ತಿರುತ್ತೇವೆ. ಅದು ಇಳಿದರೆ, ತಲೆ ಮುಂದೆ ಸಾಗದಿದ್ದರೆ ಡಾಕ್ಟರು ವ್ಯಾಕ್ಯೂಮ್ ಹಾಕಬಹುದು, ಆಪರೇಶನ್ ಎನ್ನಬಹುದು. ಆಗ ತಾಯಿ ಸೋತಳು ಎಂದು ಅತ್ತೆಯಂದಿರು ಮಾತಾಡಬಾರದು.

ಕೊನೆಗೆ ತಲೆ ಪೂರ್ತಿ ಬಾಯಿಗೆ ಬಂದಾಗ ಬೆಂಕಿ ತಾಗಿದಂತೆ ಉರಿ. ಚರ್ಮ ಸುತ್ತಲೂ ಹಿಗ್ಗಿ ಹರಿದೇ ಹೋಯಿತು ಅನಿಸುತ್ತದೆ. ಆಗ "ತಿಣುಕಬೇಡ, ಉಸಿರು ಬಿಡು" ಎನ್ನುತ್ತೇವೆ. ನಾಯಿ ತೇಕುವ ಹಾಗೆ ಬಾಯಿ ತೆರೆದು ಹಾ ಹಾ ಎನ್ನಿ. ತಲೆ ನಿಧಾನವಾಗಿ ಬಂದರೆ ಹರಿಯುವುದು ಕಡಿಮೆ. ಈ ಉರಿ ಬಹಳ ಹೊತ್ತು ಇರುವುದಿಲ್ಲ, ಆ ಜಾಗವೇ ಜೋಮು ಹಿಡಿಯುತ್ತದೆ. ತಲೆ ಬಂತು, ಭುಜ ತಿರುಗಿತು, ಉಳಿದದ್ದೆಲ್ಲ ಬಿಸಿನೀರಿನ ಜೊತೆ ಜಾರಿ ಬಂದಂತೆ. ಹೊಟ್ಟೆ ಒಮ್ಮೆಲೇ ಖಾಲಿ. ಕೂಸನ್ನು ಎದೆಯ ಮೇಲೆ ಹಾಕುತ್ತೇವೆ. ಆ ಕ್ಷಣ ಕಣ್ಣೀರು ಬರಲಿಲ್ಲ, ಪ್ರೀತಿ ಉಕ್ಕಲಿಲ್ಲ ಎಂದು ಕೊರಗಬೇಡಿ. ನನಗೆ ಆಗ ಬೇಕಾಗಿದ್ದದ್ದು ಒಂದು ಲೋಟ ಚಹಾ ಮಾತ್ರ.

ಎರಡು ಮಾತು ಕಟ್ಟುನಿಟ್ಟಾಗಿ. ಊರಲ್ಲಿ ಯಾರೋ "ಬೇನೆ ಜೋರು ಬರಲಿ" ಎಂದು ಇಂಜೆಕ್ಷನ್ ಕೊಡುತ್ತೇನೆಂದರೆ ಬೇಡ ಎನ್ನಿ. ಅಳತೆ ತಪ್ಪಿದರೆ ಗರ್ಭಕೋಶ ಹರಿಯುತ್ತದೆ, ತಾಯಿಯೂ ಕೂಸೂ ಹೋಗುತ್ತಾರೆ. ಹಾಗೇ ಹೊಟ್ಟೆ ಮೇಲೆ ಕೈಯಿಂದಾಗಲಿ ಮೊಣಕೈಯಿಂದಾಗಲಿ ಒತ್ತಿ ಕೂಸನ್ನು ತಳ್ಳಬಾರದು, ಯಾರೇ ಆಗಲಿ.

ಹಿರಿಯರು ಕೇಳುತ್ತೀರಿ, ಸೂಲಗಿತ್ತಿಯರ ಕಾಲದಲ್ಲಿ ನಾವು ಹೆತ್ತಿಲ್ಲವೇ ಎಂದು. ಹೆತ್ತಿದ್ದೀರಿ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರು 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥವರ ಕೈಗೆ ನಾನು ನಮಸ್ಕಾರ ಮಾಡುತ್ತೇನೆ. ಕುಕ್ಕರಗಾಲಲ್ಲಿ ಕೂತು, ಕಂಬ ಹಿಡಿದು ಹೆರುತ್ತಿದ್ದ ನಿಮ್ಮ ರೀತಿಯೂ ತಪ್ಪಾಗಿರಲಿಲ್ಲ. ಮಲಗಿಯೇ ಹೆರಬೇಕೆಂದಿಲ್ಲ, ತಾಯಿಗೆ ಅನುಕೂಲವಾದ ಭಂಗಿ ಇರಲಿ ಎಂದು ಈಗ ದೊಡ್ಡ ಡಾಕ್ಟರುಗಳೂ ಹೇಳುತ್ತಾರೆ. ಆದರೆ ಮಾಸು ಬೀಳದೆ ರಕ್ತ ಹರಿಯತೊಡಗಿದರೆ ಎಷ್ಟೇ ಒಳ್ಳೆಯ ಕೈಯಾದರೂ ಏನು ಮಾಡೀತು? ರಕ್ತದ ಬಾಟಲಿ ಮನೆಯಲ್ಲಿ ಇರುವುದಿಲ್ಲ. ಅದಕ್ಕೇ ಆಸ್ಪತ್ರೆಗೆ ಬನ್ನಿ ಎನ್ನುವುದು.

ಆಗಲೇ ಒಬ್ಬರು ಕೇಳಿದರು, ಒಳಗೆ ಜೊತೆಗೆ ಬರಬಹುದೇ ಎಂದು. ಒಬ್ಬ ಹೆಣ್ಣುಮಗಳು ಬರಬಹುದು, ಸ್ವತಃ ಹೆತ್ತವಳಾದರೆ ಒಳ್ಳೆಯದು. ಬೆನ್ನು ನೀವಿ, ಬೇನೆಯ ನಡುವೆ ಗುಟುಕು ನೀರು ಕುಡಿಸಿ, ಕೈ ಹಿಡಿದುಕೊಳ್ಳಿ. ಅಳುವವರು ಬೇಡ. ಬರುವಾಗ ತಾಯಿ ಕಾರ್ಡ್, ಒಗೆದು ಬಿಸಿಲಿಗೆ ಒಣಗಿಸಿದ ಹತ್ತಿ ಬಟ್ಟೆ ನಾಲ್ಕು, ಒಂದು ಫ್ಲಾಸ್ಕು ತನ್ನಿ. ಚಹಾಕ್ಕೆ.