ಹಾಲಿನ ಪಿಕಪ್ ಗಾಡಿಯ ಯೂರಿಯಾ ನೀರು: ಗುಣಮಟ್ಟ, ಎಚ್ಚರಿಕೆ ದೀಪ ಮತ್ತು ನಮ್ಮ ರಾಸುಗಳು

(ಹಾಲು ಉತ್ಪಾದಕರ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಬರಹ ರೂಪ)



ಕೆಚ್ಚಲು ಬಾವು, ಬರಡು ರಾಸು, ಖನಿಜ ಮಿಶ್ರಣ ಇವುಗಳ ಬಗ್ಗೆ ಮಾತನಾಡಬೇಕಾದ ಪಶುವೈದ್ಯರು ಇಂದು ಡೀಸೆಲ್ ಗಾಡಿಯ ವಿಷಯ ಎತ್ತಿಕೊಂಡಿದ್ದಾರಲ್ಲ ಎಂದು ತಮಗೆ ಅನಿಸಬಹುದು. ಕಾರಣವಿದೆ. ಸಂಘದಿಂದ ಶೀತಲೀಕರಣ ಕೇಂದ್ರಕ್ಕೆ ಕ್ಯಾನು ಸಾಗಿಸುವ ಪಿಕಪ್ ಗಾಡಿಗಳು ದಾರಿಯಲ್ಲಿ ನಿಂತರೆ ನಷ್ಟ ಗಾಡಿಯವರಿಗೆ ಮಾತ್ರವಲ್ಲ, ಆ ಮಾರ್ಗದ ಎಲ್ಲ ಉತ್ಪಾದಕರಿಗೂ ಆಗುತ್ತದೆ. ಇಂತಹ ಗಾಡಿಗಳನ್ನು ಇಟ್ಟುಕೊಂಡಿರುವವರಲ್ಲಿ ನಮ್ಮ ಸದಸ್ಯರ ಮಕ್ಕಳೇ ಅನೇಕರು. ಇನ್ನೊಂದು ಕಾರಣವೆಂದರೆ, ಈ ಗಾಡಿಗಳಿಗೆ ಹಾಕುವ ದ್ರವ ಯೂರಿಯಾದಿಂದ ಮಾಡಿದ್ದು. ಯೂರಿಯಾ ಕೊಟ್ಟಿಗೆಯ ಹತ್ತಿರ ಬಂದಿತೆಂದರೆ ಅದು ಪಶುವೈದ್ಯನ ಕೆಲಸವೂ ಆಗುತ್ತದೆ.

ಏನಿದು ಯೂರಿಯಾ ನೀರು?

2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಮಾರಾಟವಾಗುವ ಹೊಸ ವಾಹನಗಳಿಗೆ ಬಿ.ಎಸ್. 6 ಎಂಬ ಹೊಗೆಯ ನಿಯಮ ಜಾರಿಗೆ ಬಂದಿತು. ಡೀಸೆಲ್ ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡ್ ಎಂಬ ಅನಿಲಗಳಿರುತ್ತವೆ. ಇವು ಶ್ವಾಸಕೋಶಕ್ಕೆ ಕೆಡುಕು. ಇವುಗಳನ್ನು ತಗ್ಗಿಸಲು ಅನೇಕ ಡೀಸೆಲ್ ಗಾಡಿಗಳ ಸೈಲೆನ್ಸರ್ ಮಾರ್ಗದಲ್ಲಿ ಒಂದು ದ್ರವವನ್ನು ಸಿಂಪಡಿಸುತ್ತಾರೆ. ಅದನ್ನು ಡೀಸೆಲ್ ಎಕ್ಸಾಸ್ಟ್ ಫ್ಲೂಯಿಡ್, ಚಿಕ್ಕದಾಗಿ ಡಿ.ಇ.ಎಫ್. ಎನ್ನುತ್ತಾರೆ. ಡ್ರೈವರುಗಳು ಆ್ಯಡ್‌ಬ್ಲೂ ಎಂದೋ ಯೂರಿಯಾ ನೀರು ಎಂದೋ ಕರೆಯುವುದು ಇದನ್ನೇ.

ಇದರಲ್ಲಿ ನೂರಕ್ಕೆ 32.5 ಪಾಲು ಅತಿ ಶುದ್ಧ ಯೂರಿಯಾ, ಉಳಿದದ್ದು ಖನಿಜಾಂಶ ತೆಗೆದ ನೀರು. ಬೇರೇನೂ ಇರಬಾರದು.

ಇದು ಕೆಲಸ ಮಾಡುವ ರೀತಿ ತಮಗೆ ಗೊತ್ತಿಲ್ಲದ್ದೇನಲ್ಲ. ನೂರು ಕೆ.ಜಿ. ಒಣ ಹುಲ್ಲಿಗೆ 4 ಕೆ.ಜಿ. ಯೂರಿಯಾ ಕರಗಿಸಿದ ನೀರು ಚಿಮುಕಿಸಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಟ್ಟು, ಆಮೇಲೆ ತೆರೆದರೆ ಮೂಗಿಗೆ ರಪ್ಪನೆ ಘಾಟು ಹೊಡೆಯುತ್ತದಲ್ಲವೇ? ಯೂರಿಯಾ ಒಡೆದು ಅಮೋನಿಯಾ ಆಗಿದ್ದರ ಗುರುತು ಅದು. ಹುಲ್ಲಿನ ಮೆದೆಯಲ್ಲಿ ಮೂರು ವಾರ ಹಿಡಿಯುವ ಕೆಲಸ ಬಿಸಿ ಸೈಲೆನ್ಸರಿನಲ್ಲಿ ಕ್ಷಣದಲ್ಲಿ ಆಗುತ್ತದೆ. ಹೀಗೆ ಹುಟ್ಟಿದ ಅಮೋನಿಯಾ ಕೆಟ್ಟ ಅನಿಲದೊಡನೆ ಕೂಡಿ ನೈಟ್ರೋಜನ್ ಮತ್ತು ನೀರಾವಿಯಾಗಿ ಹೊರಗೆ ಹೋಗುತ್ತದೆ.

ಎಲ್ಲ ಪಿಕಪ್‌ಗಳಿಗೂ ಈ ದ್ರವ ಬೇಡ. ಪೆಟ್ರೋಲ್ ಹಾಗೂ ಸಿ.ಎನ್.ಜಿ. ಗಾಡಿಗಳಿಗೆ ಇದರ ಅಗತ್ಯವಿಲ್ಲ. ಕೆಲವು ಸಣ್ಣ ಡೀಸೆಲ್ ಗಾಡಿಗಳಲ್ಲಿ ಬೇರೆ ವಿಧಾನವಿದೆ. ನೀಲಿ ಬಣ್ಣದ ಮುಚ್ಚಳವಿರುವ ಪ್ರತ್ಯೇಕ ಟ್ಯಾಂಕು ಇದ್ದರೆ ಮಾತ್ರ ಇದು ಬೇಕು.

ಗೊಬ್ಬರದ ಯೂರಿಯಾ ಏಕೆ ಸಲ್ಲದು?

"ಸಾರ್, ಮನೆಯಲ್ಲಿ ಯೂರಿಯಾ ಚೀಲ ಇದೆ, ಕೊಳವೆಬಾವಿಯ ನೀರಿದೆ. ನಾವೇ ಕಲಸಿಕೊಂಡರಾಗದೇ?" ಈ ಪ್ರಶ್ನೆಯನ್ನು ನನಗೆ ಹಲವರು ಕೇಳಿದ್ದಾರೆ. ಆಗುವುದಿಲ್ಲ. ಕಾರಣಗಳು ಇವು.

ಒಂದು, 2015ರಿಂದ ನಮ್ಮ ದೇಶದ ಗೊಬ್ಬರದ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯ ಲೇಪನವಿದೆ. ಹೊಲದಲ್ಲಿ ನಿಧಾನವಾಗಿ ಕರಗಲು ಅದು ಒಳ್ಳೆಯದು. ಗಾಡಿಯ ಸಣ್ಣ ನಳಿಕೆಗೆ ಮತ್ತು ಸೈಲೆನ್ಸರಿನೊಳಗಿನ ಕ್ಯಾಟಲಿಸ್ಟಿಗೆ ಆ ಎಣ್ಣೆಯೇ ಶತ್ರು.

ಎರಡು, ಗೊಬ್ಬರದ ಯೂರಿಯಾದಲ್ಲಿ ಬೈಯುರೆಟ್ ಎಂಬ ಕಶ್ಮಲ ನೂರಕ್ಕೆ 1.5ರವರೆಗೆ ಇರಲು ಅವಕಾಶವಿದೆ. ಗಾಡಿಯ ದ್ರವದಲ್ಲಿ ಅದು ನೂರಕ್ಕೆ 0.3ನ್ನು ಮೀರುವಂತಿಲ್ಲ. ಹೆಚ್ಚಾದರೆ ಬಿಸಿಯಲ್ಲಿ ಗಟ್ಟಿಯಾಗಿ ಬಿಳಿ ಗಾರೆಯಂತೆ ಕೂರುತ್ತದೆ.

ಮೂರು, ನೀರು. ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ನಮ್ಮ ಗಡಸು ನೀರಿನಲ್ಲಿ ಸುಣ್ಣದ ಅಂಶ ಲೀಟರಿಗೆ ಹತ್ತಾರು ಮಿಲಿಗ್ರಾಂ ಇರುತ್ತದೆ. ಈ ದ್ರವದಲ್ಲಿ ಕೆ.ಜಿ.ಗೆ ಅರ್ಧ ಮಿಲಿಗ್ರಾಂ ದಾಟುವಂತಿಲ್ಲ.

ನಾಲ್ಕು, ಸಹಾಯಧನದ ಯೂರಿಯಾ ಬೇಸಾಯಕ್ಕೆಂದೇ ಕೊಟ್ಟದ್ದು. ಬೇರೆ ಕೆಲಸಕ್ಕೆ ತಿರುಗಿಸುವುದು ಅಪರಾಧ.

ಇಲ್ಲಿ ಒಂದು ಮಾತು. ಕೆಲವು ಗ್ಯಾರೇಜುಗಳಲ್ಲಿ ಒಂದು ಉಪಕರಣದಲ್ಲಿ ಹನಿ ಹಾಕಿ ನೋಡಿ, "32.5 ತೋರಿಸುತ್ತಿದೆ, ಮಾಲು ಸರಿಯಾಗಿದೆ" ಎನ್ನುತ್ತಾರೆ. ಅದು ಯೂರಿಯಾ ಎಷ್ಟಿದೆ ಎಂದು ಹೇಳುತ್ತದೆಯೇ ಹೊರತು ಶುದ್ಧವಾಗಿದೆಯೇ ಎಂದು ಹೇಳುವುದಿಲ್ಲ. ಲ್ಯಾಕ್ಟೋಮೀಟರ್ ಒಂದನ್ನೇ ನಂಬಿ ಹಾಲು ಶುದ್ಧವೆಂದು ಹೇಳಲಾಗದು ಎಂಬುದು ಸಂಘದ ಪರೀಕ್ಷಕರಿಗೆ ಚೆನ್ನಾಗಿ ಗೊತ್ತು. ಇದೂ ಹಾಗೆಯೇ.

ಕೊಳ್ಳುವಾಗ ಗಮನಿಸಬೇಕಾದದ್ದು

ಡಬ್ಬದ ಮೇಲೆ ಐ.ಎಸ್.ಓ. 22241 ಎಂಬ ಗುರುತು, ಬ್ಯಾಚ್ ಸಂಖ್ಯೆ, ತಯಾರಾದ ದಿನಾಂಕ ಇರಬೇಕು. ಸೀಲು ಒಡೆದಿರಬಾರದು. ದ್ರವ ನೀರಿನಂತೆ ತಿಳಿಯಾಗಿ, ಬಣ್ಣವಿಲ್ಲದೆ ಇರಬೇಕು. ಹೆಸರಿನಲ್ಲಿ ಬ್ಲೂ ಇದ್ದರೂ ದ್ರವ ನೀಲಿಯಲ್ಲ. ನೀಲಿ ಬಣ್ಣವಿದ್ದರೆ, ಮಬ್ಬಾಗಿದ್ದರೆ, ಮೇಲೆ ಎಣ್ಣೆಯ ಪದರ ತೇಲುತ್ತಿದ್ದರೆ ಕೊಳ್ಳಬೇಡಿ. ರಸೀದಿ ಪಡೆದು ಜೋಪಾನವಾಗಿಡಿ.

ಎಷ್ಟು ಕೊಳ್ಳಬೇಕು? ಸಾಮಾನ್ಯವಾಗಿ 100 ಲೀಟರ್ ಡೀಸೆಲ್‌ಗೆ 3ರಿಂದ 5 ಲೀಟರ್ ಈ ದ್ರವ ಖರ್ಚಾಗುತ್ತದೆ. ದಿನಕ್ಕೆ 6 ಲೀಟರ್ ಡೀಸೆಲ್ ಸುಡುವ ಹಾಲಿನ ಪಿಕಪ್‌ಗೆ ದಿನಕ್ಕೆ ಸುಮಾರು ಕಾಲು ಲೀಟರ್. ಅಂದರೆ 20 ಲೀಟರಿನ ಒಂದು ಕ್ಯಾನು ಎರಡೂವರೆ ತಿಂಗಳಿಗೂ ಹೆಚ್ಚು ಬರುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ನಾಲ್ಕಾರು ಕ್ಯಾನು ತಂದು ತಗಡಿನ ಷೆಡ್ಡಿನಲ್ಲಿಟ್ಟರೆ ಬೇಸಿಗೆಯಲ್ಲಿ ಅದು ಕೆಡುತ್ತದೆ. 25 ಡಿಗ್ರಿ ಸೆಲ್ಸಿಯಸ್ ಒಳಗೆ ಒಂದೂವರೆ ವರ್ಷ ಬಾಳುವ ದ್ರವ 35 ಡಿಗ್ರಿಯಲ್ಲಿ ಆರೇ ತಿಂಗಳು. ಒಂದು ಕ್ಯಾನು ಬಳಕೆಯಲ್ಲಿ, ಒಂದು ಕ್ಯಾನು ಮೀಸಲು, ಅಷ್ಟು ಸಾಕು. ಬಿಸಿಲು ಬೀಳದ, ದನ ಮತ್ತು ಮಕ್ಕಳಿಗೆ ಎಟುಕದ ಕಡೆ ಇಡಿ.

ಹಾಕುವಾಗ ಡೀಸೆಲ್ ಮುಟ್ಟಿದ ಆಲಿಕೆ ಬೇಡ. ಹಾಲಿನ ಅಲ್ಯೂಮಿನಿಯಂ ಕ್ಯಾನು, ತಾಮ್ರ, ಹಿತ್ತಾಳೆ, ತಗಡಿನ ಪಾತ್ರೆ ಇವುಗಳಿಗೆ ಸುರಿಯಬೇಡಿ. ಈ ದ್ರವ ಆ ಲೋಹಗಳನ್ನು ತಿನ್ನುತ್ತದೆ, ದ್ರವವೂ ಕೆಡುತ್ತದೆ.

ಎಚ್ಚರಿಕೆ ದೀಪ ಹತ್ತಿದಾಗ

ಮೀಟರ್ ಬೋರ್ಡಿನ ದೀಪ ಹತ್ತಿದ ಕೂಡಲೇ ಗಾಡಿ ಕೆಟ್ಟಿತೆಂದು ಹೆದರುವುದೂ ಬೇಡ, "ಅದು ಯಾವಾಗಲೂ ಹತ್ತುತ್ತಿರುತ್ತದೆ" ಎಂದು ಬಿಡುವುದೂ ಬೇಡ. ಈ ಕ್ರಮ ಅನುಸರಿಸಿ.

1. ಮೊದಲು ಯಾವ ದೀಪವೆಂದು ನೋಡಿ. ಯೂರಿಯಾ ನೀರಿನ ದೀಪ, ಮಸಿ ಹಿಡಿಯುವ ಫಿಲ್ಟರಿನ ದೀಪ, ಎಂಜಿನ್ ದೀಪ ಇವು ಬೇರೆ ಬೇರೆ. ಗಾಡಿಯ ಕೈಪಿಡಿಯಲ್ಲಿ ಚಿತ್ರ ಸಹಿತ ಇದೆ. ಕೈಪಿಡಿ ಮನೆಯ ಬೀರುವಿನಲ್ಲಿರದೆ ಗಾಡಿಯಲ್ಲಿರಲಿ.

2. ಮಟ್ಟ ಕಡಿಮೆಯಾಗಿದ್ದರೆ ಎಂಜಿನ್ ನಿಲ್ಲಿಸಿ, ಸೀಲು ಮಾಡಿದ ಒಳ್ಳೆಯ ದ್ರವ ತುಂಬಿ. ಅರ್ಧ ಲೀಟರ್, ಒಂದು ಲೀಟರ್ ಹಾಕಿದರೆ ಗಾಡಿಗೆ ಗೊತ್ತಾಗದೇ ಇರಬಹುದು. ಕೈಪಿಡಿಯಲ್ಲಿ ಹೇಳಿದಷ್ಟು ಹಾಕಿ. ತುಂಬಿದ ಕೂಡಲೇ ದೀಪ ಆರದಿದ್ದರೆ ಸ್ವಲ್ಪ ದೂರ ಓಡಿಸಿ ನೋಡಿ.

3. ಟ್ಯಾಂಕು ತುಂಬಿದ್ದೂ ದೀಪ ಉಳಿದರೆ ದ್ರವದ ಗುಣಮಟ್ಟ ಸರಿಯಿಲ್ಲ, ಇಲ್ಲವೇ ಸೆನ್ಸರ್, ಪಂಪು, ನಳಿಕೆ ಇವುಗಳಲ್ಲಿ ಒಂದು ಕೆಟ್ಟಿದೆ ಎಂದು ತಿಳಿಯಬೇಕು. ಆ ದಿನದ ಹಾಲು ಇಳಿಸಿದ ಮೇಲೆ ನೇರವಾಗಿ ಅಧಿಕೃತ ಸರ್ವೀಸ್ ಕೇಂದ್ರಕ್ಕೆ ಹೋಗಿ. ರಸೀದಿ ಮತ್ತು ಕ್ಯಾನಿನಲ್ಲಿ ಉಳಿದ ದ್ರವ ತೆಗೆದುಕೊಂಡು ಹೋಗಿ.

4. ಅಲಕ್ಷಿಸಿದರೆ ಗಾಡಿ ಸುಮ್ಮನಿರುವುದಿಲ್ಲ. ಮೊದಲು ಎಳೆಯುವ ಶಕ್ತಿ ಕುಗ್ಗಬಹುದು. ಕೆಲವು ಗಾಡಿಗಳು ಒಮ್ಮೆ ಆಫ್ ಮಾಡಿದ ಮೇಲೆ ಮತ್ತೆ ಸ್ಟಾರ್ಟ್ ಆಗುವುದೇ ಇಲ್ಲ. ನಿಯಮದಂತೆ ಹಾಗೆಯೇ ಮಾಡಿಟ್ಟಿದ್ದಾರೆ. ಪ್ರತಿ ಸಂಘದ ಬಾಗಿಲಲ್ಲೂ ಎಂಜಿನ್ ನಿಲ್ಲಿಸುವ ಹಾಲಿನ ಗಾಡಿಗೆ ಇದು ಎಷ್ಟು ಅಪಾಯವೆಂದು ಯೋಚಿಸಿ.

5. ಮಟ್ಟ ಹೆಚ್ಚಲೆಂದು ನೀರು ಸೇರಿಸಬೇಡಿ. ದೀಪ ಆರಿಸುವ ಪೆಟ್ಟಿಗೆ ಹಾಕಿಸಿ ವ್ಯವಸ್ಥೆಯನ್ನೇ ತಪ್ಪಿಸಬೇಡಿ. ಅದು ಕಾನೂನಿಗೆ ವಿರುದ್ಧ, ವಾರಂಟಿಯೂ ಕೈಬಿಡುತ್ತದೆ, ಹೊಗೆ ಕುಡಿಯುವವರು ನಮ್ಮ ಮಕ್ಕಳೇ.

6. ತಪ್ಪಿ ಡೀಸೆಲ್ ಟ್ಯಾಂಕಿಗೆ ಈ ದ್ರವವನ್ನೋ, ನೀಲಿ ಮುಚ್ಚಳದ ಟ್ಯಾಂಕಿಗೆ ಡೀಸೆಲನ್ನೋ ಹಾಕಿಬಿಟ್ಟರೆ ಬೀಗದ ಕೈ ತಿರುಗಿಸಲೇಬೇಡಿ. ಗಾಡಿಯನ್ನು ಎಳೆಸಿಕೊಂಡು ಹೋಗಿ ಟ್ಯಾಂಕು ತೊಳೆಸಿ. ಸ್ಟಾರ್ಟ್ ಮಾಡಿದರೆ ಖರ್ಚು ಹಲವು ಪಟ್ಟು.

ಹಾಲಿನ ಮಾರ್ಗದ ಗಾಡಿಗೆ ಇನ್ನೊಂದು ವಿಶೇಷ ತೊಂದರೆಯಿದೆ. ಕ್ಯಾನು ಏರಿಸುವಾಗ ಎಂಜಿನ್ ಸುಮ್ಮನೆ ಓಡುತ್ತಿದ್ದರೆ ಸೈಲೆನ್ಸರ್ ಸಾಕಷ್ಟು ಬಿಸಿಯಾಗದೆ ಯೂರಿಯಾ ಪೂರ್ತಿ ಒಡೆಯುವುದಿಲ್ಲ, ಬಿಳಿ ಹರಳಾಗಿ ಕೂರುತ್ತದೆ. ಗಾಡಿಯನ್ನು ಬಹಳ ಹೊತ್ತು ಹಾಗೆ ಬಿಡಬೇಡಿ. ಆಗಾಗ್ಗೆ ಮುಖ್ಯ ರಸ್ತೆಯಲ್ಲಿ ಒಂದೇ ಸಮನೆ ಸ್ವಲ್ಪ ದೂರ ಓಡಿಸುವುದು ಒಳ್ಳೆಯದು.

ಖಾಲಿ ಡಬ್ಬ, ಚೆಲ್ಲಿದ ನೀರು: ಕೊಟ್ಟಿಗೆಗೆ ಅಪಾಯ

ಈಗ ನನ್ನ ವೃತ್ತಿಯ ಮಾತಿಗೆ ಬರುತ್ತೇನೆ. ದಯವಿಟ್ಟು ತಾಯಂದಿರು ಇದನ್ನು ಮನಸ್ಸಿನಲ್ಲಿಡಬೇಕು. ಮನೆಯಲ್ಲಿ ಖಾಲಿ ಡಬ್ಬ ಕಂಡರೆ ಅದನ್ನು ಉಪಯೋಗಕ್ಕೆ ತರುವವರು ತಾವೇ.

ಈ ದ್ರವದ ಒಂದು ಲೀಟರಿನಲ್ಲಿ ಸುಮಾರು 350 ಗ್ರಾಂ ಯೂರಿಯಾ ಇದೆ. ಖಾಲಿಯೆಂದುಕೊಂಡ ಡಬ್ಬದ ತಳದಲ್ಲಿ 100 ಮಿ.ಲೀ. ಉಳಿದಿದೆ ಎನ್ನಿ. ಅದರಲ್ಲಿ 35 ಗ್ರಾಂ ಯೂರಿಯಾ. ಆ ಡಬ್ಬಕ್ಕೆ 20 ಲೀಟರ್ ಹಾಲು ಸುರಿದರೆ ಲೀಟರಿಗೆ 1,750 ಮಿಲಿಗ್ರಾಂ ಯೂರಿಯಾ ಸೇರಿತು. ಹಾಲಿನಲ್ಲಿ ಸಹಜವಾಗಿ ಸ್ವಲ್ಪ ಯೂರಿಯಾ ಇದ್ದೇ ಇರುತ್ತದೆ. ಆದರೆ ಆಹಾರ ಸುರಕ್ಷತಾ ನಿಯಮದ ಮಿತಿ ಲೀಟರಿಗೆ 700 ಮಿಲಿಗ್ರಾಂ. ಪರೀಕ್ಷೆಯಲ್ಲಿ ಕಡು ಹಳದಿ ಬಣ್ಣ ಬಂದರೆ ಕಲಬೆರಕೆ ಎಂದೇ ಬರೆಯುತ್ತಾರೆ. ಬೇಕೆಂದು ಹಾಕಲಿಲ್ಲ ಎಂದರೆ ಯಾರು ನಂಬುತ್ತಾರೆ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ರಾಸುಗಳ ವಿಷಯ ಇನ್ನೂ ಗಂಭೀರ. ರೂಢಿಯಿಲ್ಲದ ರಾಸಿಗೆ ದೇಹದ ತೂಕದ ಪ್ರತಿ ಕೆ.ಜಿ.ಗೆ 0.3ರಿಂದ 0.5 ಗ್ರಾಂ ಯೂರಿಯಾ ಒಮ್ಮೆಲೇ ಹೋದರೆ ವಿಷವಾಗಬಹುದು. 1ರಿಂದ 1.5 ಗ್ರಾಂ ಹೋದರೆ ಪ್ರಾಣಕ್ಕೇ ಅಪಾಯ. 400 ಕೆ.ಜಿ. ತೂಕದ ಹಸುವಿಗೆ ಲೆಕ್ಕ ಹಾಕಿದರೆ ಅರ್ಧ ಲೀಟರಿಗಿಂತ ಕಡಿಮೆ ದ್ರವವೂ ಕೆಡುಕು, ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ಹೋದರೆ ಸಾವು. ಉಪ್ಪಿನ ಹಸಿವಿರುವ ರಾಸುಗಳು ಚೆಲ್ಲಿ ಒಣಗಿದ ಬಿಳಿ ಪುಡಿಯನ್ನು ನೆಕ್ಕುವುದುಂಟು. ಉಪಚರಿಸಿದ ಹುಲ್ಲು ತಿಂದು ಏನೂ ಆಗಲಿಲ್ಲವೆಂದು ಇದನ್ನು ಲಘುವಾಗಿ ಕಾಣಬೇಡಿ. ಹುಲ್ಲಿನಲ್ಲಿ ಯೂರಿಯಾ ಹರಡಿ, ಒಡೆದು, ಹದವಾಗಿರುತ್ತದೆ. ಇಲ್ಲಿ ಹಸಿ ಯೂರಿಯಾ ಒಮ್ಮೆಗೇ ಹೊಟ್ಟೆಗೆ ಬೀಳುತ್ತದೆ.

ಲಕ್ಷಣಗಳು ಅರ್ಧ ಗಂಟೆ, ಒಂದು ಗಂಟೆಯೊಳಗೇ ಕಾಣಬಹುದು: ಮೈ ನಡುಕ, ನೊರೆ ಜೊಲ್ಲು, ಹೊಟ್ಟೆ ಉಬ್ಬರ, ಏದುಸಿರು, ತೂರಾಟ, ಕೊನೆಗೆ ಬಿದ್ದು ಒದ್ದಾಟ. ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ. ದೊಡ್ಡ ರಾಸಿಗೆ 2ರಿಂದ 6 ಲೀಟರ್ ವಿನೆಗರ್ ಮತ್ತು 20 ಲೀಟರಿಗೂ ಹೆಚ್ಚು ತಣ್ಣೀರು ಹೊಟ್ಟೆಗೆ ಸೇರಿಸಬೇಕಾಗುತ್ತದೆ. ಹುಳಿ ಮತ್ತು ತಂಪು ಸೇರಿದರೆ ಅಮೋನಿಯಾ ರಕ್ತಕ್ಕೆ ಏರುವುದು ತಗ್ಗುತ್ತದೆ. ವೈದ್ಯರು ಇದನ್ನು ಕೊಳವೆಯ ಮೂಲಕ ಕೊಡುತ್ತಾರೆ. ಅವರು ಬರುವಷ್ಟರಲ್ಲಿ ವಿನೆಗರ್ ತಂದಿಟ್ಟಿರಿ. ಬಿದ್ದಿರುವ, ನುಂಗಲಾರದ ರಾಸಿನ ಬಾಯಿಗೆ ಗೊಟ್ಟದಲ್ಲಿ ಏನನ್ನೂ ಹೊಯ್ಯಬೇಡಿ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಆದ್ದರಿಂದ ಮೂರು ಮಾತು ನೆನಪಿಡಿ. ಕೊಟ್ಟಿಗೆಯ ಪಕ್ಕದಲ್ಲಿ ಈ ದ್ರವ ತುಂಬಬೇಡಿ. ಚೆಲ್ಲಿದರೆ ಧಾರಾಳ ನೀರಿನಿಂದ ತೊಳೆದು, ಆ ನೀರು ಬಾನಿಯ ಕಡೆ ಹರಿಯದಂತೆ ನೋಡಿ. ಖಾಲಿ ಡಬ್ಬಕ್ಕೆ ತೂತು ಹೊಡೆದು ಗುಜರಿಗೆ ಹಾಕಿ. ಹಾಲಿಗೆ, ಕುಡಿಯುವ ನೀರಿಗೆ, ದನದ ನೀರಿಗೆ, ಬೂಸಾ ನೆನೆಸಲು ಅದು ಬೇಡವೇ ಬೇಡ.

ಸಂಘಗಳು ಮಾಡಬಹುದಾದದ್ದು

ಗಾಡಿ ಗುತ್ತಿಗೆ ಕೊಡುವಾಗ ಆಡಳಿತ ಮಂಡಳಿಯವರು ಎರಡು ಷರತ್ತು ಸೇರಿಸಬಹುದು: ಸೀಲು ಮಾಡಿದ ಒಂದು ಕ್ಯಾನು ಸದಾ ಮೀಸಲಿರಬೇಕು, ದೀಪ ಹತ್ತಿದ ದಿನವೇ ಕಾರ್ಯದರ್ಶಿಗೆ ತಿಳಿಸಬೇಕು. ಬದಲಿ ಗಾಡಿಯ ಫೋನ್ ಸಂಖ್ಯೆ ಸಂಘದ ಗೋಡೆಯ ಮೇಲಿರಲಿ. ಕರೆದ ಹಾಲು ಮೂರು ನಾಲ್ಕು ಗಂಟೆಯೊಳಗೆ ತಂಪಾಗದಿದ್ದರೆ ಒಡೆಯುವ ಭಯವಿದೆ. ಬೇಸಿಗೆಯಲ್ಲಿ ಅಷ್ಟು ಹೊತ್ತೂ ಸಿಗುವುದಿಲ್ಲ. 2021ರ ಕೊನೆಯಲ್ಲಿ ಚೀನಾ ಯೂರಿಯಾ ರಫ್ತನ್ನು ಬಿಗಿಗೊಳಿಸಿದಾಗ ದಕ್ಷಿಣ ಕೊರಿಯಾದಂತಹ ಮುಂದುವರಿದ ದೇಶದಲ್ಲೇ ಈ ದ್ರವಕ್ಕಾಗಿ ಲಾರಿಗಳವರು ಪರದಾಡಿದರು. ಮುನ್ನೆಚ್ಚರಿಕೆ ನಮಗೂ ಇರಲಿ.

ನಸುಕಿನಲ್ಲಿ ಎದ್ದು, ಕೆಚ್ಚಲು ತೊಳೆದು, ಕರೆದು ತಂದ ಹಾಲು ಒಂದು ಸಣ್ಣ ದೀಪವನ್ನು ಅಲಕ್ಷಿಸಿದ್ದರಿಂದ ಚರಂಡಿಗೆ ಹೋಗಬಾರದು. ಈ ವಿಷಯವನ್ನು ತಮ್ಮ ಊರಿನ ಗಾಡಿಯವರಿಗೂ ನೆರೆಹೊರೆಯವರಿಗೂ ತಿಳಿಸಬೇಕೆಂದು ಕೋರುತ್ತೇನೆ.